ಹೊಂಗಲದವರು ಸೋತದ್ದಕ್ಕೆ ಕಾರಣ

ಬೈಲಹೊಂಗಲ
ತಾ. 24-11-1998, ಮಂಗಳವಾರ

ತೊರಗಲ್ಲಿನಲ್ಲಿರುವ ನನ್ನ ಅವ್ವನಿಗೆ ಮಗಳು ಅನ್ನಪೂರ್ಣಾ ಕಾಲು ಮುಟ್ಟಿ ಬರೆಯುವುದು. ನಾನು ಸುಖವಾಗಿದ್ದೇನೆ. ಇದನ್ನು ರೂಢಿಗೆ ಬರೆದದ್ದೆಂದು ತಿಳಿಯಬೇಡ, ನಿಜವಾಗಿಯೂ ಸುಖವಾಗಿದ್ದೇನೆ.

ನಿನ್ನ ಪತ್ರ ನಿನ್ನೆ ಬಂತು. ಹೊಂಗಲದ ಫುಟ್‌ಬಾಲ್ ತಂಡ ಸೋಲುತ್ತಿರುವುದು ತೊರಗಲ್ಲಿನ ಸೊಸೆಯ ಕಾಲ್ಗುಣದಿಂದ ಎಂದು ರಾಮದುರ್ಗದ ಸಂತೆಯಲ್ಲಿ ಯಾರೋ ಆಡಿಕೊಂಡದ್ದು ನಿನ್ನ ಕಿವಿಗೆ ಬಿದ್ದಿದೆ. ಬರುವ ಸೋಮವಾರ ಅಪ್ಪನನ್ನು ಕಳಿಸುತ್ತೇನೆ, ಸೀರೆ ಗಂಟು ಕಟ್ಟಿಕೊಂಡು ತಯಾರಾಗಿರು, ಮಗಳು ನನಗೆ ಭಾರವಲ್ಲ ಎಂದು ಬರೆದಿದ್ದೀಯ. ಅಪ್ಪನ ಸಿಟ್ಟು ನನಗೆ ಗೊತ್ತು. ಇಲ್ಲಿ ಬಂದು ಕಟ್ಟೆಯ ಮೇಲೆ ಕುಳಿತವರನ್ನೆಲ್ಲ ತರಾಟೆಗೆ ತೆಗೆದುಕೊಂಡರೆ ನಾನು ಈ ಓಣಿಯಲ್ಲಿ ಮುಖ ಎತ್ತಿ ತಿರುಗುವುದು ಹೇಗೆ? ಪೂರ್ತಿ ಓದಿ ಮುಗಿಸುವ ತನಕ ಅಪ್ಪನ ಕೈಗೆ ಚೀಲ ಕೊಡಬೇಡ.

ಆ ಮಾತು ಹುಟ್ಟಿದ್ದು ಸುಳ್ಳಲ್ಲ. ನಮ್ಮ ತರುಣ ಮಂಡಳದಲ್ಲಿ ಆಡುವವರು ಹನ್ನೊಂದು ಮಂದಿ, ಆಡಿಸುವವರು ಓಣಿ ತುಂಬ. ಹತ್ತಿ ವ್ಯಾಪಾರದ ನಿಜಗುಣಪ್ಪ ಕಾಕಾ ಅವರಿಗೆಲ್ಲ ಹಿರಿಯ. ಈ ಮಳೆಗಾಲದಲ್ಲಿ ಟಿವಿಯಲ್ಲಿ ವಿಶ್ವಕಪ್ ನೋಡಿದ ಮೇಲಂತೂ ಅವರ ಬಾಯಿಗೆ ಬಿಡುವೇ ಇಲ್ಲ. ದೀಪಾವಳಿ ಮುಗಿದ ಕೂಡಲೇ ಕಿತ್ತೂರು, ಸವದತ್ತಿ, ರಾಮದುರ್ಗದ ತಂಡಗಳ ಜೊತೆ ರವಿವಾರಕ್ಕೊಂದು ಆಟ. ಹೋದ ವರ್ಷ ಕಪ್ ಗೆದ್ದು ಎತ್ತಿನ ಗಾಡಿಯಲ್ಲಿ ಮೆರೆದವರು ನಾವು. ಈ ವರ್ಷ ಮೊದಲ ಮೂರು ಆಟವನ್ನೂ ಸೋತು ಮುಖ ಊದಿಸಿಕೊಂಡು ಬಂದೆವು.

ಸೋತ ಮೇಲೆ ನಮ್ಮವರ ಚಂದ ನೋಡಬೇಕಿತ್ತು. ದರ್ಜಿ ಪರಪ್ಪ ಅಂಗಿಯ ಬಣ್ಣವೇ ಆಗಿಬರಲಿಲ್ಲವೆಂದು ಹಳದಿ ಬಿಚ್ಚಿಸಿ ನೀಲಿ ಹೊಲಿದುಕೊಟ್ಟ. ನೀಲಿ ಹಾಕಿಕೊಂಡು ಇನ್ನೂ ಚೆನ್ನಾಗಿ ಸೋತರು. ಯಾರೋ ಗೋಲಿನ ಅಡ್ಡಕಂಬಕ್ಕೆ ನಿಂಬೆಹಣ್ಣು ಕಟ್ಟಿದರು, ರಾಮದುರ್ಗದವರ ಚೆಂಡು ಆ ನಿಂಬೆಹಣ್ಣಿಗೇ ಬಡಿದು ಒಳಗೆ ಹೋಯಿತು. ಕಡೆಗೆ ಚಹಾದ ಅಂಗಡಿಯಲ್ಲಿ ಲೆಕ್ಕ ಹಾಕಿದರಂತೆ. ಚೆಂಡು ಹಳೆಯದು, ಹುಡುಗರು ಹಳಬರು, ಹೊಸದು ಬಂದದ್ದು ಒಂದೇ, ಗೋಲ್‌ಕೀಪರನ ಮನೆಗೆ ಸೊಸೆ. ಇನ್ನು ಮೇಲೆ ಆಕೆಯನ್ನು ಆಟಕ್ಕೆ ಕರೆತರಬಾರದೆಂದು ನಿನ್ನ ಅಳಿಯನಿಗೆ ಹೇಳಿಯೂ ಬಿಟ್ಟರು. ಇವರು ಬೂಟಿನ ಲೇಸು ಕಟ್ಟುತ್ತ, ನನ್ನ ಮುಖ ನೋಡದೆ, ಎರಡು ವಾರ ಮನೆಯಲ್ಲೇ ಇದ್ದುಬಿಡು ಅಂದರು. ಅವ್ವ, ಅವತ್ತು ನನಗೆ ಬಹಳ ಬೇಜಾರಾಯಿತು. ಓಣಿಯವರು ಅಂದದ್ದಕ್ಕಲ್ಲ, ಇವರು ಸುಮ್ಮನೆ ಹೂಂ ಅಂದು ಬಂದದ್ದಕ್ಕೆ.

ಆದರೆ ನನ್ನ ಅತ್ತೆ ಶಟ್ಟೆವ್ವನವರು ಸುಮ್ಮನಿರಲಿಲ್ಲ. ಮಾವ ತೀರಿಕೊಂಡ ಮೇಲೆ ಅವರು ಹೊಸ್ತಿಲು ದಾಟಿದ್ದೇ ಕಡಿಮೆಯಂತೆ. ನಾನು ಬಂದು ಮನೆಗೆಲಸಕ್ಕೆ ಕೈ ಹಚ್ಚಿದ ಮೇಲೆ ಈ ವರ್ಷವೇ ಮೊದಲ ಸಲ ಟೆಂಪೋ ಹತ್ತಿ ಪರ ಊರಿಗೆ ಆಟ ನೋಡಲು ಹೊರಟಿದ್ದಾರೆ. ಆಟದ ನಿಯಮ ಒಂದೂ ತಿಳಿಯದು. ಎದುರಿನವರು ಚೆಂಡನ್ನು ಎತ್ತರಕ್ಕೆ ಒದ್ದರೂ ಚಪ್ಪಾಳೆ ತಟ್ಟುತ್ತಾರೆ, ಯಾರ ಮಗನಾದರೇನು ಚಂದ ಒದ್ದ ಅನ್ನುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆಯಗುಂಟ ಓಡುವುದನ್ನು ನೋಡಿದರೆ ಅವರು ಐವತ್ತು ದಾಟಿದವರೆಂದು ಯಾರೂ ಹೇಳುವುದಿಲ್ಲ. ಅಂಥವರು ಚಹಾದ ಅಂಗಡಿಯ ಮುಂದೆ ನಿಂತು, ನನ್ನ ಸೊಸೆಯ ಕಾಲಿನ ಸುದ್ದಿಗೆ ಬಂದವರ ಕಾಲು ಮುರಿಯುತ್ತೇನೆ ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಅತ್ತೆ ಬೈದ ಮೇಲೆ ನನ್ನ ಬೇಜಾರು ಅರ್ಧ ಇಳಿಯಿತು.

ಈಗ ಒಂದು ಗುಟ್ಟಿನ ಮಾತು. ಇದನ್ನು ನಿನ್ನ ಹೊಟ್ಟೆಯಲ್ಲೇ ಇಟ್ಟುಕೋ. ತಂಡ ಸೋಲುತ್ತಿದ್ದದ್ದು ಯಾಕೆಂದು ನನಗೆ ಎರಡನೆಯ ಆಟಕ್ಕೇ ತಿಳಿದಿತ್ತು. ಹೋದ ವರ್ಷ ಹುಡುಗರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದರು. ಈ ವರ್ಷ ಮನೆಯಲ್ಲಿ ಎರಡು ಜೋಡಿ ಕೈ ಆದವಲ್ಲ, ಅತ್ತೆ ಪ್ರತಿ ರವಿವಾರ ಬೆಳಗ್ಗೆ ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿಸಿ ಬುಟ್ಟಿ ತುಂಬ ಹೋಳಿಗೆ ಮಾಡಿಸುತ್ತಾರೆ. ಹುಡುಗರು ಓಡಿ ದಣಿಯುತ್ತಾರೆ ಎಂದು ಆಟಕ್ಕೆ ಮೊದಲೇ ಸಾಲಾಗಿ ಕೂರಿಸಿ, ತುಪ್ಪ ಸುರಿದು, ಸಾಕೆಂದರೂ ಬಿಡದೆ ಬಡಿಸುತ್ತಾರೆ. ಅದನ್ನು ಉಂಡವರು ಓಡುವುದಿರಲಿ, ನಿಂತಲ್ಲೇ ಆಕಳಿಸುತ್ತಾರೆ. ಹಬ್ಬದ ದಿನ ಹೋಳಿಗೆ ಉಂಡು ನಿನ್ನ ಅಳಿಯ ಸಂಜೆಯ ತನಕ ಮಲಗುವುದನ್ನು ನಾನು ನೋಡಿಲ್ಲವೇ? ಗೋಲಿನ ಮುಂದೆ ಇವರ ಕಣ್ಣೂ ಹಾಗೇ ಅರ್ಧ ಮುಚ್ಚಿದ್ದವು.

ಹೇಳಬೇಕೆಂದು ಬಾಯಿಯ ತನಕ ಬಂತು. ಅತ್ತೆಯ ಹೋಳಿಗೆಯಿಂದ ಸೋತೆವೆಂದು ಒಂದು ಮಾತು ಅಂದಿದ್ದರೆ ನನ್ನ ಮೇಲಿನ ಅಪವಾದ ಅಲ್ಲಿಗೇ ಹೋಗುತ್ತಿತ್ತು. ಆದರೆ ಅದೇ ಜನ ನಾಳೆ ಅತ್ತೆಯನ್ನು ಟೆಂಪೋದಿಂದ ಇಳಿಸುತ್ತಾರೆ. ನನಗಾಗಿ ಬೀದಿಗೆ ಬಂದು ಜಗಳಾಡಿದವರ ಮೇಲೆ ನಾನು ಹೇಗೆ ಬೆರಳು ತೋರಿಸಲಿ?

ನಾಲ್ಕನೆಯ ಆಟ ನಮ್ಮೂರಲ್ಲೇ, ಕಿತ್ತೂರಿನವರ ಮೇಲೆ. ಅತ್ತೆ ಬೇವಿನ ಮರದ ಕೆಳಗೆ ಜಾಗ ಹಿಡಿಯಲು ಮೊದಲೇ ಹೋದರು, ಹುಡುಗರಿಗೆ ಬಡಿಸುವ ಕೆಲಸ ನನ್ನದಾಯಿತು. ಕಿತ್ತೂರಿನ ಹುಡುಗರು ಮಠದ ಪಡಸಾಲೆಯಲ್ಲಿ ಬರೀ ಚುರುಮುರಿ ತಿನ್ನುತ್ತ ಕುಳಿತಿದ್ದಾರೆಂದು ಪಕ್ಕದ ಮನೆಯ ಸಾವಂತ್ರೆವ್ವ ಹೇಳಿದಳು. ಊರಿಗೆ ಬಂದವರು ಹಾಗೆ ಇರಬಾರದಲ್ಲವೇ? ನಾವಿಬ್ಬರೂ ಬುಟ್ಟಿ ಹೊತ್ತುಕೊಂಡು ಹೋಗಿ ಅಷ್ಟನ್ನೂ ಅವರಿಗೇ ಬಡಿಸಿದೆವು. ಪಾಪ, ಪಂಥ ಕಟ್ಟಿ ಉಂಡರು. ನಮ್ಮವರಿಗೆ ಅರ್ಧ ರೊಟ್ಟಿ, ಒಂದು ಬಾಳೆಹಣ್ಣು ಕೊಟ್ಟೆ. ಅದರಲ್ಲಿ ಅತಿಥಿ ಸತ್ಕಾರ ಎಷ್ಟು, ತುಂಟತನ ಎಷ್ಟು ಎಂದು ನೀನು ಕೇಳಬೇಡ.

ನಮ್ಮವರು ಗೆದ್ದರು! ಗಲಾಟೆ ಮನೆಯ ತನಕ ಕೇಳಿತು. ಖುಷಿಯಲ್ಲಿ ಬಾಗಿಲಿಗೆ ಓಡಿ ಬಂದರೆ ನಿಜಗುಣಪ್ಪ ಕಾಕಾ ನನಗೇ ಕೈ ಮುಗಿದು, ನೀನು ಮನೆಯಲ್ಲಿದ್ದದ್ದು ಬಹಳ ಉಪಕಾರವಾಯಿತು ತಾಯಿ, ಇನ್ನು ಮುಂದೆಯೂ ಹೀಗೇ ಇರು ಅಂದರು. ನಾನೇ ಗೆಲ್ಲಿಸಿ ನಾನೇ ಸಿಕ್ಕಿಬಿದ್ದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು, ಆಮೇಲೆ ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ರಾಮದುರ್ಗದ ಸಂತೆಗೆ ಹೋದ ಸುದ್ದಿ ಆ ವಾರದ್ದೇ ಇರಬೇಕು.

ಮೊನ್ನೆಯ ರವಿವಾರ ಸವದತ್ತಿಯಲ್ಲಿ ಆಟ. ಬೆಳಗ್ಗೆ ಕಾಕಾ ಬುಟ್ಟಿ ಒಯ್ಯಲು ಬಂದರು. ಬುಟ್ಟಿ ಕೊಡಿ, ನೀವು ಬನ್ನಿ, ಸೊಸೆ ಮಾತ್ರ ಮನೆಯಲ್ಲಿರಲಿ ಅಂದರು. ಅತ್ತೆ ಒಲೆಯ ಮೇಲಿನ ಬೇಳೆಯ ಪಾತ್ರೆಯನ್ನು ಕೆಳಗಿಳಿಸಿ ಹೊರಗೆ ಬಂದರು.

“ನನ್ನ ಸೊಸಿ ಕಾಲು ಬ್ಯಾಡಾದ ಮ್ಯಾಲೆ ಆಕಿ ಲಟ್ಟಿಸಿದ ಹೋಳಿಗಿ ಯಾಕ ಬೇಕ್ರೀ ನಿಮಗ?”

ಟೆಂಪೋ ಬುಟ್ಟಿಯಿಲ್ಲದೆ ಹೋಯಿತು. ಅದು ತಿರುವು ದಾಟಿದ್ದೇ ತಡ, ಅತ್ತೆ ನನಗೆ ಹಸಿರು ಇಳಕಲ್ ಸೀರೆ ಉಡಲು ಹೇಳಿ, ಕೈ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ನಡೆದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದರು. ಸವದತ್ತಿಯ ಮೈದಾನದಲ್ಲಿ ನಾವಿಬ್ಬರೂ ಎಲ್ಲರಿಗಿಂತ ಮುಂದೆ ಹೋಗಿ ಕುಳಿತಾಗ ಪರಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ. ಕಾಕಾ ನನ್ನ ಕಡೆಗೆ ಬೆನ್ನು ಮಾಡಿ ನಿಂತರು. ಇವತ್ತು ಸೋತರೆ ಈ ಮಾತು ನನ್ನನ್ನು ಜನ್ಮವಿಡೀ ಬಿಡುವುದಿಲ್ಲ ಎಂದುಕೊಂಡೆ.

ಹಗುರ ಹೊಟ್ಟೆಯ ಹುಡುಗರು ಅವತ್ತು ಕರುಗಳ ಹಾಗೆ ಓಡಿದರು. ನಾವು ಒಂದು ಗೋಲು ಹೊಡೆದೆವು. ಇನ್ನೇನು ಮುಗಿಯಿತು ಅನ್ನುವಾಗ ಅವರಿಗೆ ಪೆನಾಲ್ಟಿ ಸಿಕ್ಕಿತು. ನಿನ್ನ ಅಳಿಯ ಗೋಲಿನ ನಡುವೆ ನಿಂತು ಜನರ ನಡುವೆ ಏನೋ ಹುಡುಕಿದರು. ನಾನು ಅವರ ಕಣ್ಣಿಗೆ ಬಿದ್ದೆ. ಎಲ್ಲರೆದುರಿಗೇ ನನಗೆ ಕೈ ಎತ್ತಿ ತೋರಿಸಿ, ಆಮೇಲೆ ಚೆಂಡಿನ ಕಡೆ ತಿರುಗಿದರು. ಎಡಕ್ಕೆ ಹಾರಿ ಅದನ್ನು ಹೇಗೆ ಹಿಡಿದರೋ ನನಗೆ ಗೊತ್ತಿಲ್ಲ, ನಾನು ಕಣ್ಣು ಮುಚ್ಚಿದ್ದೆ. ಅತ್ತೆ ನನ್ನನ್ನು ಅಪ್ಪಿಕೊಂಡು ಕುಣಿದದ್ದರಿಂದ ತಿಳಿಯಿತು.

ವಾಪಸು ಬರುವಾಗ ನಮ್ಮನ್ನು ಬಸ್ಸಿಗೆ ಬಿಡಲಿಲ್ಲ. ಕಾಕಾ ತಾವು ಹಿಂದೆ ಜೋತುಬಿದ್ದು ನಮಗೆ ಟೆಂಪೋದಲ್ಲಿ ಮುಂದಿನ ಸೀಟು ಕೊಟ್ಟರು. ತೊರಗಲ್ಲಿನ ಸೊಸೆ ಬಂದಳು, ಗೆದ್ದೆವು ಎಂದು ಈಗ ಅವರೇ ಸಾರುತ್ತಿದ್ದಾರೆ. ನಾನೇನು ಅದನ್ನೂ ನಂಬುವುದಿಲ್ಲ, ಆದರೆ ಕೇಳಲು ಹಿತವಾಗಿದೆ. ಇವರು ಮನೆಗೆ ಬಂದು, ಮೊದಲೇ ನಿನ್ನ ಪರವಾಗಿ ಮಾತಾಡಬೇಕಿತ್ತು, ತಪ್ಪಾಯಿತು ಅಂದರು. ಒಂದು ದಿನ ಸತಾಯಿಸಿ ಆಮೇಲೆ ನಕ್ಕೆ.

ಈಗ ಹೇಳು, ನಾನು ಸೀರೆ ಗಂಟು ಕಟ್ಟಲೇ? ಅಪ್ಪ ಜಗಳಕ್ಕೆ ಬರುವುದು ಬೇಡ. ನನಗಿರುವ ಚಿಂತೆ ಒಂದೇ. ಬರುವ ರವಿವಾರ ರಾಮದುರ್ಗದವರು ಇಲ್ಲಿಗೆ ಬರುತ್ತಾರೆ, ಅತ್ತೆಯ ಸಿಟ್ಟು ಇಳಿದಿದೆ, ಕಡಲೆಬೇಳೆ ತರಿಸಿಟ್ಟಿದ್ದಾರೆ. ಅವರ ಮನಸ್ಸಿಗೆ ನೋವಾಗದಂತೆ ಹೋಳಿಗೆ ತಪ್ಪಿಸುವ ಉಪಾಯವಿದ್ದರೆ ಬೇಗ ಬರೆ.

ನಿನ್ನ, ಎಲ್ಲೂ ಹೋಗದ ಮಗಳು
ಅನ್ನಪೂರ್ಣಾ

ತಾ.ಕ.: ಪತ್ರ ಮಡಿಸುವಾಗ ಅತ್ತೆ ಬಂದರು. ಇಷ್ಟುದ್ದ ಏನು ಬರೆದೆ, ಓದಿ ಹೇಳು ಅಂದರು. ಹೋಳಿಗೆಯ ಸುದ್ದಿ ಇದ್ದಲ್ಲೆಲ್ಲ ಹಾರಿಸಿ ಉಳಿದದ್ದನ್ನು ಓದಿದೆ. ಎಲ್ಲ ಕೇಳಿ ಮುಗಿಸಿ ಅವರು ನಕ್ಕರು.

“ನಡುವ ಹಾರಿಸಿದಿಯಲ್ಲಾ, ಅದನ್ನೂ ಓದವಾ. ಕಿತ್ತೂರ ಹುಡುಗರು ಟೊಂಕದ ಮ್ಯಾಲೆ ಕೈ ಇಟ್ಟು ನಿಂತಾಗನ ಹೋಳಿಗಿ ಯಾರ ಹೊಟ್ಟಿ ಸೇರ್ಯಾವಂತ ನನಗ ತಿಳೀತು. ನನ್ನ ಹೆಸರು ಹೇಳಿ ನೀ ಪಾರಾಗಬಹುದಿತ್ತು, ಹೇಳಲಿಲ್ಲ. ಅದಕ್ಕ ಬುಟ್ಟಿ ಕೊಡಬಾರದಂತ ನಾ ಸಿಟ್ಟಿನ ಸೋಗು ಹಾಕಿದ್ನಿ.”

ನನಗೆ ಕಣ್ಣು ತುಂಬಿ ಬಂತು, ಅವ್ವ. ಅವರು ನನ್ನ ತಲೆ ಸವರಿ, ನಿನಗೆ ಇದನ್ನೂ ಬರೆಯಲು ಹೇಳಿದರು. ಬೀಗರು ಸೋಮವಾರದ ತನಕ ಕಾಯುವುದು ಬೇಡ, ರವಿವಾರವೇ ರಾಮದುರ್ಗದ ಹುಡುಗರ ಟೆಂಪೋದಲ್ಲಿ ಬರಲಿ. ಆ ಹುಡುಗರೂ ನಮ್ಮೂರಿಗೆ ಬಂದ ಅತಿಥಿಗಳೇ. ಅವರೆಲ್ಲರಿಗೂ ಹೊಟ್ಟೆ ತುಂಬ ಹೋಳಿಗೆ, ತುಪ್ಪ, ಆಟಕ್ಕೆ ಮೊದಲೇ.

ಈ ಮಾತನ್ನು ಮಾತ್ರ ಅಪ್ಪನಿಗೆ ಓದಿ ಹೇಳಬೇಡ. ಟೆಂಪೋದಲ್ಲಿ ಬರುವಾಗ ಬಾಯಿ ಬಿಟ್ಟುಬಿಟ್ಟಾರು.