ಅಂಟುಕೋಣೆಯ ರಕ್ತಪರೀಕ್ಷೆ

ನಮ್ಮ ಕೋಣೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಂಟಲು ನೋವು ಬಿಟ್ಟಿಲ್ಲ ಎಂದು ನೀನು ಬರೆದಿದ್ದೆ, ಈಗ ಹೋಯಿತೇ? ಭಾವ ಇನ್ನೂ ನಿದ್ದೆಯಲ್ಲಿ ಬಸ್ಸಿನ ಗೇರು ಬದಲಿಸುತ್ತಾರೋ? ನಾನು ಗಟ್ಟಿಯಾಗಿದ್ದೇನೆ. ಅಮ್ಮ ಗಟ್ಟಿಯಾಗಿಲ್ಲ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಶಾಲೆ ಬಿಟ್ಟದ್ದನ್ನೂ ಹೀಗೆಯೇ ಒಂದೇ ಉಸಿರಿಗೆ ಹೇಳಿದ್ದೆನಲ್ಲ.

ನೀನು ಮದುವೆಯಾಗಿ ಹೋದಮೇಲೆ ಅಮ್ಮನಿಗೆ ಒಂದು ನೆಗಡಿ ಇಳಿಯುವಷ್ಟರಲ್ಲಿ ಇನ್ನೊಂದು ಏರುತ್ತಿತ್ತು. ಬಾಯಿತುಂಬ ಹುಣ್ಣು. ಬೂಟಿನ ಅಟ್ಟೆಯ ಅಂಚು ಸವರುವಾಗ ಹೆಬ್ಬೆರಳಿಗೆ ಆದ ಸಣ್ಣ ಗಾಯ ಚಳಿಗಾಲ ಕಳೆದರೂ ಒಣಗಲಿಲ್ಲ. 'ನೆಗಡಿ ಅಂದ್ರೆ ನಾಚಿಕೆ ಇಲ್ಲದ ನೆಂಟ ಕಣೇ, ಕಳಿಸಿದ್ರೂ ಹೋಗಲ್ಲ' ಎಂದು ನಗುತ್ತಿದ್ದಳು. ಸಂಜೆ ಬೂಟು ಕಾರ್ಖಾನೆಯ ಅಂಟುಕೋಣೆಯವರೆಲ್ಲ ಬೆರಳಿಗೆ ಮೆತ್ತಿದ ಅಂಟನ್ನು ಥಿನ್ನರಿನಲ್ಲೇ ತೊಳೆಯುತ್ತಾರಲ್ಲ, ಅಮ್ಮ ಆ ಗಾಯವನ್ನೂ ಅದರಲ್ಲೇ ಅದ್ದುತ್ತಿದ್ದಳು. ಉರಿದರೆ ಕ್ರಿಮಿ ಸಾಯುತ್ತದೆ ಎಂದು ಅವಳ ನಂಬಿಕೆ. ಪಕ್ಕದಲ್ಲೇ ನಿಂತು ಕೈ ತೊಳೆಯುತ್ತಿದ್ದ ನಾನು ಒಂದು ದಿನವೂ ಡಬ್ಬ ಕಿತ್ತುಕೊಳ್ಳಲಿಲ್ಲ. ಆ ಕೊರಗು ಹೋಗುವಂಥದ್ದಲ್ಲ.

ಹೋದ ವಾರ ಕಾರ್ಖಾನೆಯ ರಕ್ತಪರೀಕ್ಷೆ ಬಂತು. ಅಮ್ಮ ತನ್ನ ಟೋಕನ್ನನ್ನು ನನ್ನ ಕೈಗೆ ತುರುಕಿ, 'ನಿನ್ನಕ್ಕ ಎರಡು ವರ್ಷ ನನ್ನ ಬದಲು ತೋಳು ಕೊಟ್ಳು, ಯಾಕೆ ಅಂತ ಕೇಳ್ಲಿಲ್ಲ. ಈಗ ನೀನು ಹೋಗೇ' ಎಂದಳು. ಅಲ್ಲಿಯ ರೂಢಿ ನಿನಗೆ ಗೊತ್ತೇ ಇದೆ: ಪರೀಕ್ಷೆ ಕಾಯಂ ಆದವರಿಗೆ ಮಾತ್ರ, ನಿನ್ನಂಥ ನನ್ನಂಥ ದಿನಗೂಲಿಯ ಹುಡುಗಿಯರಿಗಿಲ್ಲ; ಅದಕ್ಕೇ ಹಳಬರ ಟೋಕನ್ನಿಗೆ ಹುಡುಗಿಯರ ರಕ್ತ. ಟೋಪಿ, ಮುಖಗವಸು ಹಾಕಿದಮೇಲೆ ಯಾರು ಯಾರೋ. ರಕ್ತ ಕೆಟ್ಟಿದೆ ಎಂದು ಗೊತ್ತಾದರೆ ಕೆಲಸ ಹೋಗುತ್ತದಲ್ಲ. ನಾನು ಆಗುವುದಿಲ್ಲ ಎಂದೆ. 'ಬಂದ್ಳಪ್ಪಾ ಸತ್ಯದ ತುತ್ತೂರಿ' ಎಂದು ಪಕ್ಕದ ಮೇಜಿನವಳು ಅಣಕಿಸಿದಳು. ನಾನು ಅಮ್ಮನ ರಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಿಸಿದೆ.

ಅಮ್ಮನ ಬಿಳಿ ರಕ್ತಕಣಗಳು ಇರಬೇಕಾದದ್ದರ ಅರ್ಧಕ್ಕಿಂತ ಕಡಿಮೆಯಂತೆ. ರೋಗದ ಜೊತೆ ಹೊಡೆದಾಡುವುದೇ ಅವು. ಅವು ಹುಟ್ಟುವುದು ಮೂಳೆಯೊಳಗೆ. ಅಂಟಿನ, ಥಿನ್ನರಿನ ಹಬೆ ಆ ಜಾಗವನ್ನೇ ಹಾಳುಮಾಡಿದೆ ಎಂದು ಕಾರ್ಖಾನೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮರುದಿನವೇ ಅಮ್ಮನ ಕೆಲಸ ಹೋಯಿತು. ಕೂದಲೂ ತೂರದ ಹಾಗೆ ಅಟ್ಟೆ ಕೂರಿಸುತ್ತಿದ್ದವಳು ಈಗ ಗೋಡೆಗೆ ಮುಖಮಾಡಿ ಕೂತಿರುತ್ತಾಳೆ. ನಾನು ಮಾಡಿದ್ದು ಸರಿಯೇ ಅಕ್ಕಾ, ಆದರೂ ಊಟ ಸೇರುತ್ತಿಲ್ಲ.

ಭಾವನಿಗೆ ನನ್ನ ನಮಸ್ಕಾರ ಹೇಳು. ಹೊತ್ತುಹೊತ್ತಿಗೆ ಉಣ್ಣು.

ಅಮ್ಮ ಬೈಯುವ ಹೆಸರಿನಲ್ಲೇ,
ನಿನ್ನ ತಂಗಿ, ಬಾಲ ಸುಟ್ಟ ಬೆಕ್ಕು

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಬಾರದೆ ಕೊನೆಗೆ ಉಳಿಸಿಕೊಂಡೆ: ಡಾಕ್ಟರಮ್ಮ ಅಮ್ಮನ ಹೆಸರಿನ ಹಳೆಯ ವರದಿಗಳನ್ನೆಲ್ಲ ನೋಡಿ, 'ಮೊದಲನೇ ವರ್ಷ ಚೆನ್ನಾಗಿತ್ತಲ್ಲಮ್ಮಾ, ಹೋದ ವರ್ಷಾನೇ ಇಳಿಯೋಕೆ ಶುರುವಾಗಿದೆ. ಅಂಚಿನಲ್ಲಿದೆ ಅಂತ ಬಿಟ್ಟಿದ್ದು ನಮ್ಮ ತಪ್ಪು' ಎಂದರು. ಅಮ್ಮ ನನ್ನ ಮುಖ ನೋಡಿದಳು. ಅವಳು ಗೋಡೆಗೆ ಮುಖಮಾಡಿ ಕೂತದ್ದು ಅಂದಿನಿಂದಲೇ. ಹೋದ ವರ್ಷ ಇಳಿದದ್ದು ಅವಳ ರಕ್ತವಲ್ಲ ಅಕ್ಕಾ, ನಿನ್ನದು. ಈ ಕಾಗದ ಮಡಿಸಿಡುವ ಮೊದಲು ಆಸ್ಪತ್ರೆಗೆ ಹೊರಡು. ಈ ಸಲ ನಿನ್ನ ಹೆಸರು ಹೇಳು.