ಕೆಂಪು ನೀರು ಬರಲಿಲ್ಲ

ಸೇತುವೆ ಅಂಗಡಿ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಅಳತೆರಾಯನಿಗೆ,

ಕೆಮ್ಮು ಹೇಗಿದೆ? ಒದ್ದೆ ಕಾಲುಚೀಲದಲ್ಲೇ ಮಲಗುವ ಚಾಳಿ ಬಿಟ್ಟೆಯಾ? ಗುಡಾರವನ್ನು ಹೊಳೆಯಂಚಿನ ಮರಳ ದಿಬ್ಬದಿಂದ ಎತ್ತು ಎಂದಿದ್ದೆ. ನೀನು ಎತ್ತಿರುವುದಿಲ್ಲ ಎಂದೂ ಗೊತ್ತು. ಹೇಸರಗತ್ತೆಗೆ ಜೀನು ಬಿಗಿಯುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಬೈಯಬೇಡ.

ಇಲ್ಲಿ ಎಲ್ಲರಿಗೂ ಖುಷಿ. ಹೊಳೆ ಇಳಿದಿದೆ. "ಅಂತೂ ಹೊಳೆಗೆ ಬುದ್ಧಿ ಬಂತು ಬಿಡಕ್ಕಾ" ಎಂದು ಲಾರಿಯವರು ನಗುತ್ತಾರೆ. ನನಗೆ ನಗು ಬರಲಿಲ್ಲ. ಸೇತುವೆಯ ಕೆಳಗೆ ನೀರು ಎರಡು ಬಣ್ಣದಲ್ಲಿ ಹರಿಯುವುದು ನಿನಗೆ ಗೊತ್ತಲ್ಲ: ಸುಣ್ಣಕಲ್ಲಿನ ಕಣಿವೆಯದು ಹಾಲುಬಿಳುಪು, ನೀನಿರುವ ಕಣಿವೆಯದು ಕೆಂಪು. ಕೂಡಿದ ಮೇಲೂ ಜಗಳವಾಡಿದ ಓರಗಿತ್ತಿಯರ ಹಾಗೆ ಮುಖ ತಿರುಗಿಸಿಕೊಂಡೇ ಸ್ವಲ್ಪ ದೂರ ಹೋಗುತ್ತವೆ. ನಿನ್ನೆ ಸಂಜೆ ಕೆಂಪು ತೆಳುವಾಯಿತು. ಇವತ್ತು ಈ ಕಂಬದಿಂದ ಆ ಕಂಬದವರೆಗೆ ಬರೀ ಬಿಳಿ. ಆದರೆ ನಿನ್ನ ಕಣಿವೆಯ ನೆತ್ತಿಯ ಮೇಲೆ ಕೂತ ಕಪ್ಪು ಮೋಡ ಮೊನ್ನೆಯಿಂದ ಕದಲಿಲ್ಲ.

ನನ್ನ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹೊಳೆ ಬರೆದು ಪಾಠ ಹೇಳಿದವನು ನೀನೇ: "ಈ ಬೆಟ್ಟದ ಬೆನ್ನಿನ ಈಚೆ ಬಿದ್ದ ಹನಿಯೆಲ್ಲ ನಿನ್ನ ಸೇತುವೆಗೇ ಬರಬೇಕು ಅಕ್ಕಾ, ಬೇರೆ ದಾರಿಯೇ ಇಲ್ಲ." ಹಾಗಾದರೆ ಬಿದ್ದ ಮಳೆ ಎಲ್ಲಿ? ನಾನು ಅಂಗಡಿಯವಳು. ಸರಕು ಬಂದಿಳಿದಿದೆ, ಹೊರಗೆ ಹೋಗಿಲ್ಲ ಎಂದರೆ ಎಲ್ಲೋ ಗೋದಾಮಿನಲ್ಲಿ ಪೇರಿಕೊಂಡಿದೆ ಎಂದರ್ಥ. ನಿನ್ನ ಗುಡಾರದ ಮೇಲುಗಡೆ, ಹೊಳೆ ಇಕ್ಕಟ್ಟಾಗುವಲ್ಲಿ, ಗುಡ್ಡ ಬಿರುಕು ಬಿಟ್ಟು ಮರಗಳು ವಾಲಿವೆ ಎಂದು ಹೋದ ಕಾಗದದಲ್ಲಿ ನೀನೇ ಬರೆದಿದ್ದೆ. ಅದು ಕುಸಿದು ಹೊಳೆಗೆ ಬಾಗಿಲು ಹಾಕಿದೆ. ಮಣ್ಣಿನ ಬಾಗಿಲು ಎಷ್ಟು ಹೊತ್ತು ತಾಳೀತು?

ನಿನ್ನ ಬುದ್ಧಿಯೂ ಗೊತ್ತು. ನಡುಹೊಳೆಯಲ್ಲಿ ನೀರಿನ ಮಟ್ಟ ನೋಡುವ ಅಳತೆಕಂಬ ನೆಡಬೇಕು, ನೀರು ಇಳಿಯಲಿ ಎಂದು ಈ ಮಳೆಗಾಲವೆಲ್ಲ ಕಾದಿದ್ದೀ. ಈಗ ಬರಿದಾದ ಹೊಳೆ ಕಂಡರೆ ಹಳೇ ಬಾಕಿ ತಾನಾಗಿ ಬಾಗಿಲಿಗೆ ಬಂತೆಂದು ಹಾರೆ ಹಿಡಿದು ಇಳಿಯುತ್ತೀ. ಅಲ್ಲಿಂದ ನಿನಗೆ ಕಾಣುವುದು ಒಂದೇ ಹೊಳೆ. ಎರಡನ್ನೂ ಒಟ್ಟಿಗೆ ನೋಡುವ ಜಾಗ ನನ್ನ ಗಲ್ಲಾಪೆಟ್ಟಿಗೆಯ ಹಿಂದಿದೆ.

ಹೇಸರಗತ್ತೆಯವನು "ನೀರೇ ಇಲ್ವಲ್ಲಕ್ಕಾ, ಹೊಳೆ ದಾರೀಲೇ ಬೇಗ ಹೋಗಿಬಿಡ್ತೀನಿ" ಅಂದ. "ಬೆಟ್ಟದ ಬೆನ್ನ ಮೇಲೆ ಹೋದರೆ ಇಮ್ಮಡಿ ಬಾಡಿಗೆ, ಹೊಳೆಗೆ ಇಳಿದರೆ ಬಾಡಿಗೆ ಇಸಕೊಳ್ಳೋಕೆ ನೀನೇ ಇರಲ್ಲ" ಎಂದೆ. ಆಮೇಲೆ ಅವನು ಚೌಕಾಸಿ ಮಾಡಲಿಲ್ಲ. ಸೇತುವೆಯ ಕೆಳಗಿನ ಮನೆಗಳನ್ನು ನಾನು ಎಬ್ಬಿಸುತ್ತೇನೆ. ಕೂಗುವುದಕ್ಕೆ ನನಗೆ ಮೈಕು ಬೇಕಿಲ್ಲ.

ನೂರು ಕಾಲ ಬಾಳು. ಸದ್ಯಕ್ಕೆ ಇವತ್ತೊಂದು ದಿನ ಬಾಳು.

ನಿನ್ನ ಬಾಯಿಬಡುಕಿ ಅಕ್ಕ

ತಾ.ಕ.: ಚಿಕ್ಕಂದಿನಿಂದಲೂ ನೀನು ಕಾಗದವನ್ನು ಬುಡದಿಂದ ಓದುವವನು, ಅದಕ್ಕೇ ಇಲ್ಲಿ ಬರೆದೆ. ಹೊಳೆಗೆ ಇಳಿಯಬೇಡ. ಇಳಿದಿದ್ದರೆ ಹಾರೆ ಅಲ್ಲೇ ಬಿಟ್ಟು ಹತ್ತು. ಗುಡಾರ, ಯಂತ್ರ ಏನನ್ನೂ ಮುಟ್ಟದೆ ಕಾಗದ ತಂದವನ ಹಿಂದೆ ಬೆಟ್ಟದ ಬೆನ್ನಿಗೆ ನಡೆ. ಮೇಲೆ ಬರೆದದ್ದನ್ನೆಲ್ಲ ಅಲ್ಲಿ ಕೂತು ಓದು.