ನೀಲಗಂಗಾ ಆಡದ ಮಾತು

ಗದಗ
೨೧೯೧ನೇ ಇಸವಿ, ಗಾಳಿ ತಿಂಗಳ ನಲವತ್ತನೆಯ ದಿನ

ಒಂದೂವರೆ ಶತಮಾನದ ಹಿಂದಿನ ಓದುಗರೇ,

ಕಳೆದ ವರ್ಷ, ಗದಗಿನ ಮಸಾರಿ ಅಂಗಳದಲ್ಲಿ ನಡೆದ ಮಹಿಳೆಯರ ಟೆನಿಸ್ ಫೈನಲ್ ಮುಗಿದ ಮೇಲೆ, ಸೋತು ಅಳುತ್ತ ನಿಂತಿದ್ದ ನೀಲಗಂಗಾ ಸೊರಟೂರ ಎಂಬ ಆಟಗಾರ್ತಿಯ ಬಾಯಿಂದ ಬಾರದ ಮಾತುಗಳನ್ನು ಅವಳದೇ ಧ್ವನಿಯಲ್ಲಿ ತಯಾರಿಸಿ ಮೂವತ್ತು ಸಾವಿರ ಜನರಿಗೆ ಕೇಳಿಸಲಾಯಿತು. ಅವಳು ತುಟಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದನ್ನು ಮಾಡಿದವರು ನಮ್ಮ ಕಾಲದ ಟೂರ್ನಿ ಮಂಡಳಿಯವರು. ಆದರೆ ಇದಕ್ಕೆ ಅಧಿಕಾರ ಕೊಟ್ಟವರು ನೀವು ಎಂದು ಅವರು ಲಿಖಿತವಾಗಿ ಹೇಳಿದ್ದಾರೆ. ಅದಕ್ಕಾಗಿಯೇ ನಿಮಗೆ ಬರೆಯುತ್ತಿದ್ದೇನೆ.

ಮೇಲಿನ ತಾರೀಖು ನಿಮಗೆ ಅಚ್ಚಿನ ತಪ್ಪಿನಂತೆ ಕಾಣಬಹುದು. ನಮ್ಮಲ್ಲಿ ವರ್ಷಕ್ಕೆ ಎಂಟೇ ತಿಂಗಳು. ಹನ್ನೆರಡು ತಿಂಗಳ ಹೆಸರುಗಳಿಗೂ ಹೊರಗಿನ ಹವೆಗೂ ಸಂಬಂಧ ಉಳಿಯದಿದ್ದಾಗ ನನ್ನ ಅಜ್ಜಿಯ ಕಾಲದವರು ಲೆಕ್ಕವನ್ನೇ ಬದಲಿಸಿದರು. ಮುಂದೆ ಇನ್ನೂ ಕೆಲವು ಅಪರಿಚಿತ ಪದಗಳು ಬರುತ್ತವೆ. ಸಿಟ್ಟಿನಲ್ಲಿ ಬರೆಯುವಾಗ ಎಲ್ಲವನ್ನೂ ಬಿಡಿಸಿ ಹೇಳುವ ತಾಳ್ಮೆ ಇರುವುದಿಲ್ಲ. ಆದರೂ ಪ್ರಯತ್ನಿಸುತ್ತೇನೆ, ಕ್ಷಮಿಸಿ.

ನಮ್ಮ ದಿನ ನಸುಕಿನಲ್ಲಿ ಶುರುವಾಗುತ್ತದೆ. ಬೆಳಕು ಹರಿಯುವ ಮುಂಚೆ ಸಂತೆ, ಶಾಲೆ, ಕಚೇರಿ ಎಲ್ಲ ತೆರೆದಿರುತ್ತವೆ. ಬಿಸಿಲೇರಿದ ಮೇಲೆ ಊರು ನೆರಳುಬೀದಿಗಳಿಗೆ ಇಳಿಯುತ್ತದೆ. ಮೇಲೆ ಸೂರ್ಯಫಲಕ ಹೊದಿಸಿ, ಇಕ್ಕೆಲಗಳಲ್ಲಿ ಮಣ್ಣಿನ ಗೋಡೆ ಎತ್ತಿ, ಕೆಳಗೆ ನೀರು ಹರಿಸಿರುವ ಓಣಿಗಳಿವು. ಅಲ್ಲಿ ಮುದುಕರು ಚೌಕಾಬಾರ ಆಡುತ್ತಾರೆ, ಹೆಂಗಸರು ರೊಟ್ಟಿ ಬಡಿಯುತ್ತ ಟೂರ್ನಿಯ ಮಾತಾಡುತ್ತಾರೆ. ಜೋಳದ ರೊಟ್ಟಿ ಉಳಿದಿದೆ, ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ದೂರದೇಶಗಳಲ್ಲಿ ನಡೆಯುತ್ತಿದ್ದ ದೊಡ್ಡ ಟೆನಿಸ್ ಟೂರ್ನಿಗಳಲ್ಲಿ ಒಂದು ಈಗ ಗದಗಿನಲ್ಲಿ ನಡೆಯುವುದಕ್ಕೆ ಕಾರಣ ನಮ್ಮ ಕೆಂಪು ಮಸಾರಿ ಮಣ್ಣು ಮತ್ತು ಕಪ್ಪತಗುಡ್ಡದ ಗಾಳಿ. ರಾತ್ರಿಯೆಲ್ಲ ಗಾಳಿ ಬೀಸಿದ ಮಸಾರಿ ನಸುಕಿಗೆ ತಣ್ಣಗಿರುತ್ತದೆ. ಬಯಲಿನಲ್ಲಿ ಆಡಬಹುದಾದ ಹೊತ್ತು ಅದೊಂದೇ. ಪಂದ್ಯ ಎಳೆಯಿತೆಂದರೆ ಬಿಸಿಲು ಹಿಡಿಯುತ್ತದೆ. ಹಾಗಾಗಿ ನಮ್ಮ ಪ್ರೇಕ್ಷಕರು ಸ್ವಲ್ಪ ಅವಸರದವರು.

ಈ ಅಂಗಳದ ಒಂದು ಪದ್ಧತಿ ತಿಳಿಯದಿದ್ದರೆ ಮುಂದಿನದು ಅರ್ಥವಾಗದು. ಬೇರೆಲ್ಲ ಕಡೆ ಚೆಂಡು ಗೆರೆಯ ಒಳಗೋ ಹೊರಗೋ ಎಂದು ಯಂತ್ರದ ಕಣ್ಣು ಹೇಳುತ್ತದೆ. ಗದಗಿನಲ್ಲಿ ಗಾಳಿಗೆ ಧೂಳೆದ್ದು ಆ ಕಣ್ಣು ಮಸುಕಾಗುವುದರಿಂದ, ಚೆಂಡು ಯಾರ ಬದಿಗೆ ಬಿತ್ತೋ ಅವರೇ ಬಗ್ಗಿ, ಮಣ್ಣಿನ ಮೇಲಿನ ಗುರುತು ನೋಡಿ ತೀರ್ಪು ಕೊಡಬೇಕು. ಇದಕ್ಕೆ ಗುರುತು ಓದುವುದು ಎನ್ನುತ್ತೇವೆ. ಓದಿದ ಮೇಲೆ ಪಾದದಿಂದ ಒರೆಸಿಬಿಡಬೇಕು. ಮತ್ತೆ ಯಾರೂ ಕೇಳುವಂತಿಲ್ಲ.

ನೀಲಗಂಗಾಗೆ ಅದು ಮೂರನೆಯ ಫೈನಲ್. ಮೊದಲಿನ ಎರಡನ್ನೂ ಸೋತಿದ್ದಳು. ವಯಸ್ಸು ಮೂವತ್ತು ದಾಟಿತ್ತು, ಮೊಣಕಾಲಿಗೆ ಪಟ್ಟಿ ಇತ್ತು. ಎದುರಿಗೆ ಇದ್ದವಳು ಲಕ್ಷ್ಮೇಶ್ವರದ ಮೆಹರುನ್ನಿಸಾ ನದಾಫ, ಬಾಲ್ಯದಿಂದ ಅವಳ ಡಬಲ್ಸ್ ಜೊತೆಗಾರ್ತಿ. ಮೂರನೆಯ ಸೆಟ್ಟಿನಲ್ಲಿ ಐದು ಮೂರರಿಂದ ಮುಂದಿದ್ದ ನೀಲಗಂಗಾಗೆ ಮ್ಯಾಚ್ ಪಾಯಿಂಟ್ ಬಂತು. ಮೆಹರುನ್ನಿಸಾ ಹೊಡೆದ ಚೆಂಡು ಹಿಂಗೆರೆಯ ಹತ್ತಿರ ಬಿದ್ದು ಹಾರಿತು. ನಮಗೆಲ್ಲ ಅದು ಹೊರಗೆ ಬಿದ್ದಂತೆಯೇ ಕಂಡಿತು. ಜನ ಆಗಲೇ ಎದ್ದು ಕುಣಿಯತೊಡಗಿದ್ದರು. ನೀಲಗಂಗಾ ಬಗ್ಗಿದಳು, ನೋಡಿದಳು, ಅಂಗೈಯನ್ನು ನೆಲದ ಕಡೆ ಚಾಚಿದಳು. ಒಳಗೆ ಎಂದರ್ಥ. ಪಾದದಿಂದ ಗುರುತನ್ನು ಒರೆಸಿ ಮತ್ತೆ ಸರ್ವ್ ಮಾಡಲು ನಡೆದಳು.

ನನ್ನ ಪಕ್ಕದಲ್ಲಿ ಅವಳ ಚಿಗವ್ವ ಬಸಲಿಂಗವ್ವ ಕೂತಿದ್ದರು. ಅವರ ಪರಿಚಯ ನನಗೆ ಆ ದಿನವೇ ಆದದ್ದು. ಹಿಂದಿನ ಸಾಲಿನ ಒಬ್ಬ ತಲೆ ಚಚ್ಚಿಕೊಂಡು ಕೂಗಿದ.

“ಏ ಹುಚ್ಚಿ, ಸುಮ್ಮಕಿರಬಾರದೇನ! ಅಲ್ಲಿ ಯಾರ ನೋಡಾಕತ್ತಿದ್ರು?”

ಬಸಲಿಂಗವ್ವ ತಿರುಗಿದರು. “ಆಕಿ ನೋಡಿದ್ಲಲ್ಲೋ ಮೂಳ. ಸಾಲದೇನು?”

ಆ ಮೇಲಿನ ಆಟದ ಬಗ್ಗೆ ಹೆಚ್ಚು ಹೇಳಲಾರೆ. ಅವಳು ಸರ್ವ್‌ಗೆ ಎಸೆದ ಚೆಂಡನ್ನು ಗಾಳಿ ಎಳೆದೊಯ್ಯುತ್ತಿತ್ತು. ಸಾಲಾಗಿ ನಾಲ್ಕು ಗೇಮ್ ಕಳೆದುಕೊಂಡಳು. ಕೊನೆಯ ಚೆಂಡು ಬಲೆಗೆ ಬಿದ್ದಾಗ ರ‍್ಯಾಕೆಟನ್ನು ನಿಧಾನವಾಗಿ ನೆಲಕ್ಕಿಟ್ಟು, ಮುಖ ಮುಚ್ಚಿಕೊಂಡು ಅತ್ತಳು. ದೊಡ್ಡ ಸದ್ದಿನ ಅಳುವಲ್ಲ. ಹೆಗಲು ಅಲುಗುವುದರಿಂದಷ್ಟೇ ತಿಳಿಯುತ್ತಿತ್ತು.

ಈಗ ನಮ್ಮ ನಿಯಮಕ್ಕೆ ಬರುತ್ತೇನೆ. ಸೋತವರು ಪ್ರೇಕ್ಷಕರ ಮುಂದೆ ಮೈಕ್ ಹಿಡಿದು ಆಡಬೇಕಾದ ಮಾತಿಗೆ ನಾವು ಸೋಲುಮಾತು ಎನ್ನುತ್ತೇವೆ. ನಮ್ಮಲ್ಲಿ ಕೊನೆಯ ಚೆಂಡಿಗೆ ಪಂದ್ಯ ಮುಗಿಯುವುದಿಲ್ಲ, ಸೋಲುಮಾತಿಗೆ ಮುಗಿಯುತ್ತದೆ. ಅದು ಆಗುವ ತನಕ ಗೆದ್ದವರು ಗೆದ್ದಂತಲ್ಲ. ಮೈಕ್ ಹಿಡಿದ ನಿರೂಪಕ ನೀಲಗಂಗಾಳ ಪಕ್ಕ ಬಂದು ನಿಂತ. ಅವಳು ತಲೆಯಾಡಿಸಿದಳು. ಅವನು ಕಾದ. ಮತ್ತೆ ಮೈಕ್ ಹಿಡಿದ. ಅವಳು ಬಾಯಿ ತೆರೆದಳು, ಗಂಟಲಿನಿಂದ ಏನೂ ಬರಲಿಲ್ಲ. ಮೊದಮೊದಲು ಜನ ಮರುಕದಿಂದ ಸುಮ್ಮನಿದ್ದರು. ಬಿಸಿಲು ಪೂರ್ವದ ಗ್ಯಾಲರಿಗೆ ಬಿದ್ದ ಮೇಲೆ ದನಿಗಳು ಎದ್ದವು.

“ಮಾತಾಡವಾ ತಂಗೀ, ಬಿಸಲಾತು!”

“ಒಂದ ಸಾಲು ಹೇಳಿ ಮುಗಸ, ನಮ್ಮ ಗಿರ್ಮಿಟ್ ಮೆತ್ತಗಾತು!”

ನಗು ಹಬ್ಬಿತು. ಆಗ ಮೆಹರುನ್ನಿಸಾ ಬಲೆ ದಾಟಿ ಬಂದು, ಗೆಳತಿಯನ್ನು ಮಣ್ಣಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ನೀರು ಕುಡಿಸಿದಳು. ಅವಳು ಏನು ಹೇಳಿದಳೆಂದು ಆಮೇಲೆ ನಾನೇ ಕೇಳಿ ತಿಳಿದೆ. “ಹೇಳಬ್ಯಾಡ ಬಿಡ. ನನಗೇನ ಗಡಿಬಿಡಿ ಇಲ್ಲ” ಎಂದಿದ್ದಳಂತೆ. ಗೆದ್ದವಳಿಗೆ ಇಲ್ಲದ ಗಡಿಬಿಡಿ ಮಂಡಳಿಗಿತ್ತು.

ನಮ್ಮಲ್ಲಿ ಪ್ರತಿಯೊಬ್ಬರ ಧ್ವನಿಯೂ ಧ್ವನಿಖಜಾನೆಯಲ್ಲಿ ಇರುತ್ತದೆ. ಕಾಯಿಲೆಯಿಂದ ಮಾತು ಹೋದವರಿಗೆ ಅವರ ಧ್ವನಿಯನ್ನೇ ಮರಳಿ ಕೊಡಲೆಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಮಂಡಳಿ ಅಲ್ಲಿಂದ ನೀಲಗಂಗಾಳ ಧ್ವನಿ ತರಿಸಿತು. ಇಬ್ಬರೂ ಕೆಂಪು ಮಣ್ಣು ಕೊಡವಿಕೊಂಡು ಏಳುತ್ತಿರುವಾಗಲೇ ಧ್ವನಿವರ್ಧಕ ಮಾತಾಡತೊಡಗಿತು. “ಇಂದು ಗೆದ್ದದ್ದು ಟೆನಿಸ್. ನನ್ನ ಆತ್ಮೀಯ ಗೆಳತಿ ಮೆಹರುನ್ನಿಸಾ ನದಾಫ ಅವರಿಗೆ ಹೃತ್ಪೂರ್ವಕ ಅಭಿನಂದನೆಗಳು. ಈ ಸೋಲು ನನ್ನನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಪ್ರೇಕ್ಷಕರೇ, ನೀವೇ ನನ್ನ ಶಕ್ತಿ.” ಶಕ್ತಿ ಎಂಬ ಪದದ ಮುಂಚೆ ಒಂದು ಬಿಕ್ಕನ್ನೂ ಇಟ್ಟಿದ್ದರು. ಗಿರ್ಮಿಟ್‌ ಮೆತ್ತಗಾತು ಎಂದಿದ್ದವನೂ ಕಣ್ಣೊರೆಸಿಕೊಂಡ. ನೀಲಗಂಗಾ ಮಾತ್ರ ಅಳು ನಿಲ್ಲಿಸಿ, ಧ್ವನಿವರ್ಧಕದ ಕಂಬವನ್ನು ತಲೆಯೆತ್ತಿ ನೋಡುತ್ತಿದ್ದಳು, ಯಾರೋ ಹೆಸರು ಹಿಡಿದು ಕರೆದಂತೆ.

ಬಸಲಿಂಗವ್ವ ನನ್ನ ತೋಳು ಹಿಡಿದರು. “ಯಾರ್ರೀ ಇದು ಮಾತಾಡಾಕತ್ತಿದ್ದು? ಧ್ವನಿ ನಮ್ಮ ಹುಡುಗೀದು. ಮಾತು ಆಕೀದಲ್ಲ. ಆಕಿ ಮೆಹರೂನ್ನ ಜನ್ಮದಾಗ ಪೂರಾ ಹೆಸರ ಹಿಡಿದು ಕರದಿಲ್ಲ. ಕೋತಿ ಅಂತಾಳ!”

ಮ್ಯಾಚ್ ಪಾಯಿಂಟಿನಲ್ಲಿ, ಯಾರೂ ನೋಡದ ಒಂದು ಗುರುತನ್ನು ತನಗೆ ಬೇಕಾದಂತೆ ಓದಲು ಒಪ್ಪದಿದ್ದ ಹೆಂಗಸು ಇವಳು. ಸ್ವಲ್ಪ ಹೊತ್ತಿನಲ್ಲೇ ಅವಳ ಹೆಸರಿನಲ್ಲಿ ಎಲ್ಲರೂ ನೋಡುತ್ತಿದ್ದಂತೆ ಸುಳ್ಳು ಹೇಳಿಸಲಾಯಿತು.

ದೂರು ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ದೂರು ಕೊಟ್ಟು ಗೆದ್ದರೆ ಸೋಲುಮಾತು ರದ್ದಾಗುತ್ತದೆ. ಸೋಲುಮಾತು ರದ್ದಾದರೆ ಪಂದ್ಯ ಮುಗಿದಿಲ್ಲವೆಂದಾಗುತ್ತದೆ, ಮೆಹರುನ್ನಿಸಾಳ ಪ್ರಶಸ್ತಿ ಹೋಗುತ್ತದೆ. ಮೆಹರುನ್ನಿಸಾ ತಾನೇ ಪ್ರಶಸ್ತಿ ಹಿಂದಿರುಗಿಸುತ್ತೇನೆಂದು ಗೆಳತಿಯ ಮನೆಗೆ ಬಂದಳು. “ಕೊಟ್ಟಿ ಅಂದ್ರ ನಿನ್ನ ಜೋಡಿ ಮತ್ತ ಡಬಲ್ಸ್ ಆಡಾಂಗಿಲ್ಲ ನೋಡ, ಕೋತಿ” ಎಂದು ನೀಲಗಂಗಾ ಅವಳ ಬಾಯಿ ಮುಚ್ಚಿಸಿದಳು. ಹೀಗೆ ಗೆಳತಿಗೋಸ್ಕರ ಅವಳು ಸುಮ್ಮನಿದ್ದಳು, ಆ ಭಾಷಣ ಮಾತ್ರ ಸುಮ್ಮನಿರಲಿಲ್ಲ. ಅದು ಪ್ರಾಥಮಿಕ ಶಾಲೆಯ ಪಾಠವಾಯಿತು. ನೆರಳುಬೀದಿಗಳಲ್ಲಿ ಬೆಳಗಿನ ಸುಭಾಷಿತದ ಜಾಗದಲ್ಲಿ ಬಂತು. ಮುಳಗುಂದದ ಒಂದು ಶಾಲೆಯವರು ಅವಳನ್ನು ಮುಖ್ಯ ಅತಿಥಿಯಾಗಿ ಕರೆದು, ಅವಳ ಎದುರಿಗೇ ಒಬ್ಬ ಹುಡುಗಿಯಿಂದ ಅದನ್ನು ಬಾಯಿಪಾಠ ಹೇಳಿಸಿದರು. ಹುಡುಗಿ ಬಿಕ್ಕನ್ನೂ ಬಿಡಲಿಲ್ಲ. ನೀಲಗಂಗಾ ಅವಳ ತಲೆ ಸವರಿ, “ಚಂದ ಹೇಳಿದಿ ಪುಟ್ಟಿ. ನನಗ ಹಿಂಗ ಬರಾಂಗಿಲ್ಲ” ಎಂದಳು. ಸಭೆ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿತು.

ಅಂದಿನಿಂದ ಅವಳು ಮನೆಯ ಹೊರಗೆ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೊಳ್ಳುತ್ತಾಳೆ. ಈ ವರ್ಷ ಮಂಡಳಿ ಹೊಸ ಆದೇಶ ಹೊರಡಿಸಿದೆ. ಫೈನಲ್ ತಲುಪುವ ಇಬ್ಬರ ಸೋಲುಮಾತೂ ಪಂದ್ಯಕ್ಕೆ ಮುಂಚೆಯೇ ಸಿದ್ಧವಾಗಿರಬೇಕಂತೆ, ವಿಳಂಬ ತಪ್ಪಿಸಲು. ತನ್ನ ಧ್ವನಿಯನ್ನು ತನಗೆ ಬಿಟ್ಟುಕೊಡದೆ ಅಂಗಳಕ್ಕೆ ಇಳಿಯುವುದಿಲ್ಲ ಎಂದು ನೀಲಗಂಗಾ ಬರೆದು ತಿಳಿಸಿದ್ದಾಳೆ. ಮೊಣಕಾಲು ಇನ್ನೊಂದು ವರ್ಷ ಕಾಯುವುದಿಲ್ಲ. ಈ ಸಲ ಆಡದಿದ್ದರೆ ಅವಳ ಆಟ ಮುಗಿದಂತೆ.

ನಾನು ಸಾಮಾನ್ಯ ನಾಗರಿಕನಾಗಿ ಮಂಡಳಿಗೆ ಅರ್ಜಿ ಹಾಕಿದೆ. ಅವರ ಉತ್ತರ ಸಭ್ಯವಾಗಿತ್ತು. ಆ ಭಾಷಣದಲ್ಲಿ ತಾವು ಒಂದು ಪದವನ್ನೂ ಕಲ್ಪಿಸಿಲ್ಲ, ಪ್ರಾಚೀನ ಕಾಲದ, ಎಂದರೆ ನಿಮ್ಮ ಕಾಲದ, ನೂರಾರು ಸೋತವರ ಮಾತುಗಳಿಂದಲೇ ಅದನ್ನು ಕೂಡಿಸಿದ್ದೇವೆ ಎಂದರು. ನಿಯಮದ ಮೊದಲ ವಾಕ್ಯವನ್ನೂ ತೋರಿಸಿದರು. ಅದು ಹೀಗಿದೆ: “ಸೋತವರು ತಾವಾಗಿಯೇ ಇಷ್ಟಪಟ್ಟು ಸಾರ್ವಜನಿಕರೊಡನೆ ಮಾತಾಡುತ್ತಿದ್ದ ಪುರಾತನ ಪರಂಪರೆಯನ್ನು ಅನುಸರಿಸಿ.” ಇಡೀ ನಿಯಮ ನಿಂತಿರುವುದು ತಾವಾಗಿಯೇ ಎಂಬ ಆ ಒಂದು ಮಾತಿನ ಮೇಲೆ. ಅದು ಸುಳ್ಳೆಂದು ಸಾಬೀತಾದರೆ ನಿಯಮ ಬೀಳುತ್ತದೆ. ನಿಯಮ ಬಿದ್ದರೆ ಪಂದ್ಯ ಕೊನೆಯ ಚೆಂಡಿಗೇ ಮುಗಿದಿತ್ತೆಂದಾಗುತ್ತದೆ. ಮೆಹರುನ್ನಿಸಾಳ ಪ್ರಶಸ್ತಿ ಅವಳಲ್ಲೇ ಉಳಿಯುತ್ತದೆ, ನೀಲಗಂಗಾಳ ಧ್ವನಿ ಅವಳಿಗೆ ಮರಳುತ್ತದೆ.

ನಿಮ್ಮ ಕಾಲದ ದೃಶ್ಯಗಳನ್ನು ಹುಡುಕಿ ನೋಡಿದೆ. ಒಬ್ಬರಲ್ಲ, ಇಬ್ಬರಲ್ಲ. ಬೆವರು ಆರದ ಮುಖ, ನಡುಗುವ ಗದ್ದ, ಕೈಯಲ್ಲಿ ಎರಡನೆಯ ಸ್ಥಾನಕ್ಕೆಂದು ಕೊಟ್ಟ ಬೇಡದ ತಟ್ಟೆ, ಮೂಗಿನ ಹತ್ತಿರ ಮೈಕ್. ಕ್ಯಾಮೆರಾ ಕಣ್ಣಂಚಿನವರೆಗೆ ಹೋಗುತ್ತದೆ. ಮಾತು ತುಂಡಾದಾಗ ನೀವು ಚಪ್ಪಾಳೆ ತಟ್ಟುತ್ತೀರಿ. ಪ್ರೀತಿಯಿಂದಲೇ ತಟ್ಟುತ್ತೀರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಚಪ್ಪಾಳೆ ನಿಂತ ಮೇಲೆ ಅವರು ಮತ್ತೆ ಮಾತು ಮುಂದುವರಿಸಲೇಬೇಕಾಗುತ್ತದೆ. ಅವರಿಗೆ ಹೋಗಿಬಿಡುವ ದಾರಿ ಇತ್ತೇ? ಬೇಡ ಎಂದವರನ್ನು ನೀವು ಏನೆಂದು ಕರೆದಿರಿ? ಸೊಕ್ಕಿನವರೆಂದೇ? ದೃಶ್ಯಗಳಲ್ಲಿ ಇದು ಕಾಣುವುದಿಲ್ಲ. ನೋಡುತ್ತ ಕೂತಿದ್ದ ನಿಮಗೆ ಮಾತ್ರ ಗೊತ್ತು.

ನಿಮ್ಮ ಪತ್ರಿಕೆಗಳ ಓದುಗರ ಅಂಕಣಗಳು ನಮ್ಮ ಗ್ರಂಥಾಲಯದಲ್ಲಿ ಉಳಿದಿವೆ. ರಸ್ತೆಯ ಗುಂಡಿ, ಬಾರದ ಬಸ್ಸು, ಕೆಟ್ಟ ಬೀದಿದೀಪ, ಎಲ್ಲದರ ಬಗ್ಗೆಯೂ ನೀವು ಹೆಸರು, ಊರು ಹಾಕಿ ಬರೆದಿದ್ದೀರಿ. ಅಳುತ್ತಿರುವವರ ಕೈಗೆ ಮೈಕ್ ಕೊಟ್ಟದ್ದರ ಬಗ್ಗೆ ಒಂದೇ ಒಂದು ಪತ್ರ ನನಗೆ ಸಿಗಲಿಲ್ಲ. ಈಗಲಾದರೂ ಬರೆಯಿರಿ. ನೀವು ಇಂದು ಅಚ್ಚು ಹಾಕಿಸಿದ್ದು ಆ ಗ್ರಂಥಾಲಯದ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ನಾಳೆ ಬೆಳಗ್ಗೆ ನನ್ನ ಕೈಗೆ ಸಿಗುತ್ತದೆ. ಮುಂದಿನ ವಾರ ಮಂಡಳಿಯ ಬಹಿರಂಗ ವಿಚಾರಣೆ ಇದೆ, ಅಲ್ಲಿ ಓದಿ ಹೇಳುತ್ತೇನೆ. ನನಗೆ ಸಂತಾಪ ಬೇಡ, ಸೋಲಿನ ಘನತೆಯ ಮೇಲೆ ಪ್ರಬಂಧವೂ ಬೇಡ. ಮೈಕ್ ಮುಂದೆ ಚಾಚುವ ಮುಂಚೆ, ಮಾತಾಡಲು ಇಷ್ಟವಿದೆಯೇ ಎಂದು ಆ ಸೋತವರನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದಿರಾ? ಕೇಳಿದ್ದಿರೋ ಇಲ್ಲವೋ, ಎಲ್ಲರೂ ಓದುವ ಜಾಗದಲ್ಲಿ ನಿಮ್ಮ ಹೆಸರು ಹಾಕಿ ಹೇಳಿ.

ಅಂದಾನಪ್ಪ ಡಂಬಳ
ಗದಗ